ಘೋಷಣೆ ಕೂಗದ ಪ್ರವಾಸಿಗರು

ಜನವರಿ 8, 2007, ಸೋಮವಾರ. ಹೊಸಪೇಟೆ

ತಾಲೂಕು ಕಚೇರಿಯವರು ಕೊಡುತ್ತೇವೆ ಎಂದದ್ದು, ಕೊಡದೇ ಇದ್ದದ್ದು. ಮರೆತರೆ ನಾನೇ ಕಳ್ಳಿಯಾಗುತ್ತೇನೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಹಿರೇಕೊಳ್ಳದ ಎಂಟನೇ ತರಗತಿಯ ಹನ್ನೊಂದು ಹುಡುಗಿಯರಿಗೆ ಸೈಕಲ್ ಎಂದರು. ಕೊಟ್ಟರು. ಅದೊಂದೇ ಕೊಟ್ಟದ್ದು.

ಶಾಲೆಯ ಹೊತ್ತಿಗೆ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದೂವರೆ, ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ನಿಲ್ಲಿಸುತ್ತೇವೆ ಎಂದರು. ಆಗಸ್ಟ್ ತಿಂಗಳಲ್ಲಿ, ಊರಿನ ಜನರ ಮುಂದೆ, ಮೈಕಿನಲ್ಲಿ ಹೇಳಿದರು. ಒಂದು ದಿನವೂ ನಿಲ್ಲಿಸಲಿಲ್ಲ. ಈಗ ಕೇಳಿದರೆ ‘ಬರಹದಲ್ಲಿ ಏನಿದೆ ತೋರಿಸಿ’ ಎನ್ನುತ್ತಾರೆ.

ಊರ ಮುಂದೆ ರೋಡ್ ಹಂಪ್ ಎಂದರು. ಒಂದು ಟ್ರ್ಯಾಕ್ಟರ್ ಜಲ್ಲಿ ಬಂದು ಬಿತ್ತು. ಅದೇ ಜಲ್ಲಿ ಯಾರದೋ ಮನೆಯ ತಳಪಾಯಕ್ಕೆ ಹೋಯಿತು.

ಧೂಳಿಗೆ ದಿನಾ ಎರಡು ಹೊತ್ತು ನೀರು ಹೊಡೆಸುತ್ತೇವೆ ಎಂದರು. ದೊಡ್ಡವರ ಕಾರು ಬಂದ ದಿನ ಹೊಡೆಸಿದರು.

ಬಸ್ಸು ಎಂದರು. ಇಲ್ಲ.

ಕೊನೆಗೆ ಹಳೇ ಸಾಕ್ಷರತಾ ಆಂದೋಲನದ ನಾವು ಒಂಬತ್ತು ಜನ ಸೈಕಲ್ ಜಾಥಾಕ್ಕೆ ಅನುಮತಿ ಕೇಳಿದೆವು. ಉತ್ತರ ಇವತ್ತು ಬಂದಿದೆ. ನಿರಾಕರಿಸಲಾಗಿದೆ. ಕಾರಣ, ಸಂಚಾರಕ್ಕೆ ಅಡಚಣೆ. ದಿನಕ್ಕೆ ಸಾವಿರಾರು ಲಾರಿ ಓಡಿದರೆ ಅಡಚಣೆಯಲ್ಲ. ಒಂಬತ್ತು ಸೈಕಲ್ ಅಡಚಣೆ.

ಸೆಪ್ಟೆಂಬರ್‌ನಲ್ಲಿ ಯಲ್ಲಕ್ಕನ ಮಗಳು ಹುಲಿಗೆಮ್ಮ ಶಾಲೆಯಿಂದ ಬರುವಾಗ ಲಾರಿಯ ತಾಡಪಾಲಿನ ಹಗ್ಗ ಅವಳ ಹ್ಯಾಂಡಲ್‌ಗೆ ಸಿಕ್ಕಿ ಎಳೆದುಕೊಂಡು ಹೋಯಿತು. ಬಲಗೈ ಮುರಿಯಿತು. ಮಾರನೇ ದಿನದಿಂದ ಹನ್ನೊಂದೂ ಸೈಕಲ್ ಮನೆಗಳ ತೊಲೆಗೆ ನೇತಾಡುತ್ತಿವೆ. ಹನ್ನೊಂದೂ ಹುಡುಗಿಯರು ಮನೆಯಲ್ಲಿದ್ದಾರೆ. ಹೆಡ್‌ಮಾಸ್ತರು ಕೈಚೆಲ್ಲಿದ್ದಾರೆ. ಈ ತಿಂಗಳ ಇಪ್ಪತ್ತೊಂಬತ್ತು, ಸೋಮವಾರದೊಳಗೆ ಶಾಲೆಗೆ ಬರಲೇಬೇಕು, ಇಲ್ಲದಿದ್ದರೆ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವಂತಿಲ್ಲ ಎಂದಿದ್ದಾರೆ.

ಯಲ್ಲಕ್ಕ ಸುತ್ತಿಗೆ ಹಿಡಿದು ಅದಿರು ಒಡೆಯುವ ಕೂಲಿ. ಅಳುವವಳಲ್ಲ. “ಪರೀಕ್ಷೆ ಇಲ್ಲಂದ್ರ ಫೆಬ್ರುವರಿ ಒಂದಕ್ಕ ಇನ್ನೊಂದು ಸುತ್ತಿಗಿ ತರ್ತೀನಿ, ಬಸಕ್ಕ. ನನ್ನ ಮಗ್ಗಲಾಗ ಕುಂದ್ರತಾಳ” ಎಂದಳು. ಉಪ್ಪು ತರುತ್ತೇನೆ ಎಂದಂತೆ ಹೇಳಿದಳು.

ಇಪ್ಪತ್ತೊಂದು ದಿನ ಉಳಿದಿವೆ.

ಜನವರಿ 10, ಬುಧವಾರ

ಹನುಮಣ್ಣನ ಅಂಗಡಿಯಲ್ಲಿ ಸಭೆ. ಹಂಪಿ ನೋಡಲು ಬರುವ ಹೊರದೇಶದವರಿಗೆ ಸೈಕಲ್ ಬಾಡಿಗೆ ಕೊಡುವವನು ಅವನು. ಸಾಕ್ಷರತಾ ಆಂದೋಲನದ ಕಾಲದಿಂದ ನನ್ನ ಜೊತೆಗಾರ. ಚೈನಿಗೆ ಎಣ್ಣೆ ಬಿಡುತ್ತಲೇ ಬಾಯಿ ಬಿಟ್ಟ.

“ಅಕ್ಕಾರ, ಜಾಥಾ ಅಂದ್ರ ಪರ್ಮಿಷನ್ ಬೇಕು. ಪ್ರವಾಸ ಅಂದ್ರ?”

“ಅಂದ್ರೇನು?”

“ನನ್ನ ಸೈಕಲ್ ತೊಗೊಂಡು ಬಿಳೇ ಮಂದಿ ಚಡ್ಡಿ ಹಾಕ್ಕೊಂಡು ದಿನಾ ಹೊಕ್ಕಾರ. ಕಲ್ಲುಗುಂಡು ನೋಡ್ತಾರ, ಎಮ್ಮಿ ನೋಡ್ತಾರ, ಬಾಳಿಹಣ್ಣು ತಿಂತಾರ. ಯಾವ ಪೊಲೀಸಪ್ಪನೂ ಅವರ್ನ ತಡದಿಲ್ಲ. ನಾವೂ ಹಂಗ ಹೋಗೂಣು.”

ನನಗೆ ಮೈ ಉರಿಯಿತು. ಹುಡುಗಿಯ ಕೈ ಮುರಿದಿದೆ, ನಾವು ಬಾಳೆಹಣ್ಣು ತಿನ್ನುತ್ತ ಊರು ನೋಡಬೇಕೆ ಎಂದು ಕೇಳಿದೆ. ಹನುಮಣ್ಣ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ಕೈ ಎತ್ತಿಸಿದೆ. ಎಂಟು ಕೈ ಎದ್ದವು. ಬಹುಮತಕ್ಕೆ ತಲೆಬಾಗುವುದನ್ನು ಚಳವಳಿ ನನಗೆ ಕಲಿಸಿದೆ, ಒಂಬತ್ತನೇ ಕೈ ನಾನೂ ಎತ್ತಿದೆ. ಮನಸ್ಸು ಎತ್ತಲಿಲ್ಲ.

ದಾರಿ ಹೀಗೆ. ಹೊಸಪೇಟೆ, ಹಂಪಿ, ಬುಕ್ಕಸಾಗರ, ಕಂಪ್ಲಿ, ತೋರಣಗಲ್ಲು, ಸಂಡೂರು, ಚೋರನೂರು, ಮತ್ತೆ ಸಂಡೂರಿಗೆ ಬಂದು ಕೊನೆಗೆ ಹಿರೇಕೊಳ್ಳ. ಹೋದಲ್ಲೆಲ್ಲ ಕೂತು ಹುಡುಗಿಯರ ವಿಷಯ ಹೇಳುವುದು, ಉಪಾಯ ಕೇಳುವುದು. ಇಪ್ಪತ್ತಾರಕ್ಕೆ ಊರಿನಲ್ಲಿ ಸಭೆ.

ಠಾಣೆಗೆ ಚೀಟಿ ಕೊಟ್ಟೆವು. ಒಂಬತ್ತು ಜನ ಊರು ನೋಡಲು ಹೊರಟಿದ್ದೇವೆ ಎಂದು. ಸಂಜೆ ಫೋನ್ ಬಂತು. ಬಾವುಟ ಇರಬಾರದು, ಬೋರ್ಡು ಇರಬಾರದು, ಘೋಷಣೆ ಕೂಗಬಾರದು. ಕೂಗಿದರೆ ಅಲ್ಲಿಂದಲೇ ವ್ಯಾನ್ ಹತ್ತಿಸುತ್ತೇವೆ. ಒಬ್ಬ ಪೇದೆ ಹಿಂದೆ ಬರುತ್ತಾನೆ.

ಇಪ್ಪತ್ತು ವರ್ಷ ಕೂಗಿದ ಗಂಟಲು ಇದು. ಹತ್ತು ದಿನ ಇದಕ್ಕೆ ಬೀಗ.

ಜನವರಿ 16, ಮಂಗಳವಾರ. ಹಂಪಿ

ಸಂಕ್ರಾಂತಿ ಮುಗಿಸಿಕೊಂಡು ಹೊರಟೆವು. ಹನ್ನೆರಡು ಕಿಲೋಮೀಟರು. ವೇಳಾಪಟ್ಟಿಯಲ್ಲಿ ಒಂದು ಗಂಟೆ ಬರೆದಿದ್ದೆ. ಮೂರೂ ಮುಕ್ಕಾಲು ಗಂಟೆ ಹಿಡಿಯಿತು.

ಅನಂತಶಯನಗುಡಿಯಲ್ಲಿ ನಿಂತರು. ಗೋಪುರ ಎಷ್ಟೆತ್ತರ ಎಂದು ಕತ್ತು ಎತ್ತಿ ವಾದ ಮಾಡಿದರು. ಕಡ್ಡಿರಾಂಪುರದಲ್ಲಿ ಚಹಾ. ಅದಾದ ಮೇಲೆ ಕಬ್ಬಿನ ಹಾಲು. ಅದಾದ ಮೇಲೆ ಯಾರಿಗೋ ಮೂತ್ರ. ನಾನು ಮುಂದೆ ಹೋಗಿ ಕಾಯುವುದು, ಅವರು ನಗುತ್ತ ಬರುವುದು. ಶಿಸ್ತು ಇಲ್ಲದ ಮಂದಿಯಿಂದ ಯಾವ ಹೋರಾಟ ನಡೆದೀತು.

ಯಲ್ಲಕ್ಕ ಮಗಳ ಸೈಕಲ್ಲನ್ನೇ ತೊಲೆಯಿಂದ ಇಳಿಸಿಕೊಂಡು ಬಂದಿದ್ದಾಳೆ. ಅವಳಿಗೆ ಸೈಕಲ್ ಕಲಿಸಿದವಳು ನಾನು, ಹದಿಮೂರು ವರ್ಷದ ಹಿಂದೆ. ಅಕ್ಷರ ಕಲಿಸಿದವಳೂ ನಾನೇ. ಬಂಡಿಯಲ್ಲಿ ಕೂತವಳ ಹಾಗೆ ಆರಾಮಾಗಿ ತುಳಿಯುತ್ತಾಳೆ.

ಪೇದೆಯ ಹೆಸರು ಮೂಕಪ್ಪ. ಹೆಸರಿಗೆ ಮಾತ್ರ ಮೂಕ. ಮೋಟಾರು ಸೈಕಲ್ಲನ್ನು ಒಂದನೇ ಗೇರಿನಲ್ಲಿ ನಮ್ಮ ಹಿಂದೆ ಉರುಳಿಸಿಕೊಂಡು ಬಂದು ಕಡ್ಡಿರಾಂಪುರದ ಹೊತ್ತಿಗೆ ಬೆವರಿ ಹೋಗಿದ್ದ.

“ಮೇಡಂ, ಸ್ವಲ್ಪ ಜಲ್ದಿ ತುಳೀರಿ. ಕ್ಲಚ್ ಪ್ಲೇಟ್ ಸುಡಾಕತ್ಯಾವ.”

“ಪ್ರವಾಸ ಐತ್ರಿ ಸಾಹೇಬ್ರ” ಎಂದಳು ಯಲ್ಲಕ್ಕ. “ಜಲ್ದಿ ಹೋದ್ರ ಏನು ಕಂಡೀತು?”

ಮೊದಲ ಸಲ ಪೇದೆಯ ಪಕ್ಷದಲ್ಲಿ ನಾನಿದ್ದೆ.

ಜನವರಿ 17, ಬುಧವಾರ. ಹಂಪಿ

ತಪ್ಪು ನನ್ನದೇ. ಬರೆಯುತ್ತೇನೆ.

ಮಹಾನವಮಿ ದಿಬ್ಬದ ಹತ್ತಿರ ಯಾವುದೋ ಶಾಲೆಯ ಪ್ರವಾಸದ ಮಕ್ಕಳು ಕೂತಿದ್ದರು. ನೂರಕ್ಕೆ ಕಡಿಮೆ ಇಲ್ಲ. ಎದುರಿಗೆ ಮೆಟ್ಟಿಲು. ಜನ ಕೂತಿದ್ದು, ಹತ್ತಲು ಮೆಟ್ಟಿಲಿದ್ದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಹತ್ತಿದೆ. “ಬಂಧುಗಳೇ, ಈ ಕಲ್ಲು ಹೊತ್ತವರ ಬೆನ್ನಿನ ಮೇಲೆ” ಎನ್ನುವಷ್ಟರಲ್ಲಿ ಮೂಕಪ್ಪ ಜೇಬಿನಿಂದ ಪುಸ್ತಕ, ಪೆನ್ನು ತೆಗೆದ.

“ಭಾಷಣ ಶುರುವಾತೇನ್ರಿ?”

ಎಲ್ಲ ಮುಗಿಯಿತು ಎಂದುಕೊಂಡೆ. ಒಂದೇ ದಿನಕ್ಕೆ ವ್ಯಾನ್. ಯಲ್ಲಕ್ಕ ಮಧ್ಯೆ ಬಂದು ನಿಂತಳು.

“ಭಾಷಣ ಅಲ್ರಿ ಸಾಹೇಬ್ರ. ನಮ್ಮಕ್ಕ ಗೈಡ್ ಕೆಲಸ ಕಲಿಯಾಕತ್ತಾಳ.”

ಮಕ್ಕಳು ನಕ್ಕವು. ಅವರ ಮಾಸ್ತರು ಒಳ್ಳೆಯವರು. “ಹಂಗಾರ ಹೇಳ್ರಿ ಅಕ್ಕಾರ, ಕಲ್ಲಿನ ವಿಷ್ಯ ಹೇಳ್ರಿ” ಎಂದರು. ನಿಂತೆ. ಬೈಯಬಾರದು ಎಂದಾಗ ಕಲ್ಲಿನ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಯಲ್ಲಕ್ಕ ಪಕ್ಕದ ದೊಡ್ಡ ಗುಂಡಿನ ಹತ್ತಿರ ಹೋಗಿ ಅದರ ಅಂಚಿನಲ್ಲಿದ್ದ ತೂತುಗಳ ಸಾಲಿನಲ್ಲಿ ಬೆರಳಿಟ್ಟಳು.

“ಇಲ್ಲಿ ಬರ್ರಿ, ನೋಡ್ರಿ. ಉಳಿಯಿಂದ ಸಾಲಿಗೆ ತೂತು ಹೊಡದಾರ. ಒಂದರಾಗ ಬೆಣಿ ಇಟ್ಟು ದಿನಪೂರ್ತಿ ಬಡೀರಿ, ಗುಂಡು ಅಳ್ಳಾಡಂಗಿಲ್ಲ. ಎಲ್ಲಾ ತೂತಿಗೂ ಬೆಣಿ ಇಟ್ಟು, ಒಂದಕ್ಕ ಒಂದೇಟು, ಮುಂದಿಂದಕ್ಕ ಒಂದೇಟು, ಹಂಗ ಸಮಾ ಕೊಡ್ತಾ ಹೋದ್ರ ತಾನ ಬಾಯಿ ಬಿಡ್ತೈತಿ. ಇದು ನೋಡ್ರಿ, ಅರ್ಧಕ್ಕ ಬಿಟ್ಟಾರ. ಯಾಕ ಬಿಟ್ರು? ಒಳಗ ಬಿರುಕು ಕಂಡಿರ್ಬೇಕು. ಒಳ್ಳೇ ಕೆಲಸಗಾರ. ದನಿ ಕೇಳೇ ತಿಳಕೊಂಡಾನ.”

“ನಿಮಗ ಹೆಂಗ ಗೊತ್ರಿ?” ಎಂದು ಒಬ್ಬ ಹುಡುಗಿ ಕೇಳಿದಳು.

“ಹದಿನೈದು ವರ್ಷ ಆತು ತಾಯಿ, ಅದ ಕೆಲಸ ನಂದೂ.”

ಮಕ್ಕಳು ಚಪ್ಪಾಳೆ ತಟ್ಟಿದರು. ಯಾರೂ ತಟ್ಟಿರಿ ಎಂದು ಹೇಳಿರಲಿಲ್ಲ. ಮೂಕಪ್ಪ ಪುಸ್ತಕ ಜೇಬಿಗೆ ಹಾಕಿ ತಾನೂ ತೂತಿನಲ್ಲಿ ಬೆರಳಿಟ್ಟು ನೋಡಿದ.

ಬೆಣೆಯ ಮಾತು ಚೆನ್ನಾಗಿದೆ. ಮುಂದಿನ ಭಾಷಣಕ್ಕೆ ಬಳಸಬೇಕು.

ಜನವರಿ 18, ಗುರುವಾರ. ಬುಕ್ಕಸಾಗರ

ಕಾಲುವೆ ಪಕ್ಕದ ದಾರಿ. ಗದ್ದೆಗಳಲ್ಲಿ ನಾಟಿ. ಮೊಳಕಾಲವರೆಗೆ ಕೆಸರಿನಲ್ಲಿ ನಿಂತ ಹೆಣ್ಣುಮಕ್ಕಳು ನಮ್ಮನ್ನು ಕಂಡು ಸೊಂಟ ನೆಟ್ಟಗೆ ಮಾಡಿದರು.

“ಎಲ್ಲಿಗ್ರವ್ವಾ ಸವಾರಿ?”

“ಊರು ನೋಡಾಕ” ಎಂದಳು ಯಲ್ಲಕ್ಕ.

“ಗಂಡಂದ್ರು ಬಿಟ್ರಾ, ನೀವ ಬಿಟ್ಟು ಬಂದ್ರಾ?”

“ಬದನಿಗಿಡಕ್ಕ ನೀರು ಹಾಯಿಸಂತ ಹೇಳಿ ಬಂದೀವಿ.”

ಇಡೀ ಗದ್ದೆ ನಕ್ಕಿತು. ಇಳಿದು ನಾವೂ ಒಂದು ಗದ್ದೆ ನಾಟಿ ಮಾಡಿದೆವು. ಬೇಡವೆಂದೆ, ಆಮೇಲೆ ನಾನೂ ಇಳಿದೆ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ನನ್ನ ಸಾಲು ಸೊಟ್ಟ ಹೋಯಿತು. ಮುದುಕಿ ತಿಪ್ಪಕ್ಕ ನನ್ನ ಸಸಿಗಳನ್ನು ಕಿತ್ತು ಮತ್ತೆ ನೆಟ್ಟಳು. “ನೀ ಬರಿಯೋ ಕೆಲಸದಾಕಿ ಇರಬೇಕು” ಎಂದಳು. ಹೌದೆಂದೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವರದೇ. ಹುಡುಗಿಯರ ಕಥೆಯನ್ನು ಯಲ್ಲಕ್ಕ ನಾಟಿ ಮಾಡುತ್ತಲೇ ಹೇಳಿದಳು. ಬಾಗಿದ ಬೆನ್ನುಗಳು ಕೇಳಿಸಿಕೊಂಡವು.

ಹೇಳುವುದೆಲ್ಲ ಹೇಳಿಯಾಗಿತ್ತು. ನನಗೆ ಸೇರಿಸಲು ಏನೂ ಉಳಿದಿರಲಿಲ್ಲ.

ಜನವರಿ 19, ಶುಕ್ರವಾರ. ಕಂಪ್ಲಿ

ಶಂಭುಲಿಂಗ ಎಂಬ ಮಿಲ್ ಮಾಲೀಕರು ಭತ್ತ ಒಣಗಿಸುವ ಅಂಗಳದಲ್ಲಿ ಜಾಗ ಕೊಟ್ಟರು. ಮೈಯೆಲ್ಲ ತೌಡಿನ ವಾಸನೆ. ಹಳೇ ಕೋಟೆ ನೋಡಿದೆವು, ಹೊಳೆ ನೋಡಿದೆವು.

ಮೂಕಪ್ಪ ಮೋಟಾರು ಸೈಕಲ್ಲನ್ನು ಮಿಲ್ಲಿನಲ್ಲೇ ನಿಲ್ಲಿಸಿ ಹನುಮಣ್ಣನ ಹೆಚ್ಚುವರಿ ಸೈಕಲ್ ಏರಿದ್ದಾನೆ. ಪೆಟ್ರೋಲನ್ನು ಇಲಾಖೆ ಕೊಡುವುದಿಲ್ಲವಂತೆ. “ಕಾಲೇಜಿನಾಗ ಬಿಟ್ಟಿದ್ದೆ ನೋಡ್ರಿ ಸೈಕಲ್ಲು” ಎಂದು ಬೆಲ್ಲು ಹೊಡೆಯುತ್ತ ಮಿಲ್ಲಿನ ಅಂಗಳದಲ್ಲಿ ಎರಡು ಸುತ್ತು ಹಾಕಿದ.

“ಹುಷಾರ್ರಿ” ಎಂದ ಹನುಮಣ್ಣ. “ಕೈ ಬಿಟ್ಟು ಹೊಡದ್ರ ಕೇಸ್ ಹಾಕ್ತೀನಿ.”

ಜನವರಿ 21, ಭಾನುವಾರ. ತೋರಣಗಲ್ಲು



ದರೋಜಿ ದಾಟಿದ ಮೇಲೆ ಲಾರಿ ಸಾಲು ಶುರು. ಪಾಳಿ ಮುಗಿಸಿದ ಗುತ್ತಿಗೆ ಕೆಲಸಗಾರರ ಬಸ್ಸುಗಳು ಬೇರೆ. ನಾವು ಅಂಚು ಹಿಡಿದು, ಒಬ್ಬರ ಹಿಂದೆ ಒಬ್ಬರು, ತಲೆ ತಗ್ಗಿಸಿ. ಒಂದು ಟಿಪ್ಪರ್ ಯಲ್ಲಕ್ಕನನ್ನು ಮುಟ್ಟಲೂ ಇಲ್ಲ. ಅದರ ಗಾಳಿ ತಳ್ಳಿತು. ಚರಂಡಿಗೆ ಬಿದ್ದಳು. ಮೊಣಕಾಲು ಹರಿದಿದೆ.

ರಸ್ತೆಗೆ ಅಡ್ಡ ಕೂರೋಣ, ಈಗಲೇ, ಎಂದು ನಾನು ಕಿರುಚಿದೆ. ಬೀಗ ಮುರಿಯಿತು. ಮೂಕಪ್ಪ ಬೇರೆ ಕಡೆ ಮುಖ ಮಾಡಿ ನಿಂತ.

ಯಲ್ಲಕ್ಕ ಮೊಣಕಾಲಿಗೆ ಸೆರಗು ಒತ್ತಿ ಹಿಡಿದಿದ್ದಳು. “ಕುಂತ್ರ ಸಂಜಿ ತನಕ ಕುಂದ್ರತೀವಿ, ಬಸಕ್ಕ. ಎತ್ತಿ ವ್ಯಾನಿಗೆ ಹಾಕ್ತಾರ. ನಾಳಿ ಮತ್ತ ಲಾರಿ ಹೊಕ್ಕಾವ. ಸೋಮವಾರದ ಮ್ಯಾಲೆ ಸೋಮವಾರ ಶಾಲಿ ಐತಿ. ದಿನಾ ಕುಂದ್ರಾಕ ಆಕ್ಕೈತೇನು?”

ಎಂಟು ದಿನ ಉಳಿದಿವೆ.

ಜನವರಿ 23, ಮಂಗಳವಾರ. ಸಂಡೂರು

ನಿನ್ನೆ ಬರೆಯಲಿಲ್ಲ. ಗುಡ್ಡದ ಬಾಗಿಲಿನ ಹಾಗಿರುವ ಗಂಡಿಯೊಳಗೆ ನಾರಿಹಳ್ಳದ ಪಕ್ಕ ಸೈಕಲ್ ಇಳಿದು ತಳ್ಳಿಕೊಂಡು ಬಂದೆವು. ಆಚೆ ಕಡೆ ಹೊರಳಿದರೆ ಸುತ್ತ ಗುಡ್ಡ, ನಡುವೆ ಕಣಿವೆ, ಹಸಿರು. ಯಲ್ಲಕ್ಕ ಒಂದೊಂದೇ ಗುಡ್ಡಕ್ಕೆ ಬೆರಳು ತೋರಿಸಿ ಹೆಸರು ಹೇಳಿದಳು. ಒಂದು ಕಡೆ ಬೆರಳು ನಿಂತಿತು. ಹೆಸರಿದೆ, ಗುಡ್ಡ ಇಲ್ಲ. ಗಣಿಗಾಗಿ ಕಡಿದ ಕೆಂಪು ಮೆಟ್ಟಿಲು ಮಾತ್ರ ಇದೆ.

“ಅದರ ಮ್ಯಾಲೆ ನಮ್ಮವ್ವ ಕಾರೀಹಣ್ಣು ಆರಿಸ್ತಿದ್ಲು” ಎಂದಳು.

ಹೊಸಪೇಟೆಯಲ್ಲಿ ಕೂತು ಈ ಗುಡ್ಡಗಳ ಬಗ್ಗೆ ನಾನು ಮೂವತ್ತು ಕರಪತ್ರ ಬರೆದಿದ್ದೇನೆ. ಒಂದರಲ್ಲೂ ಒಂದು ಗುಡ್ಡದ ಹೆಸರೂ ಇರಲಿಲ್ಲ. ಇವತ್ತು ಏಳು ಹೆಸರು ಕಲಿತೆ. ನಾವು ಎಷ್ಟು ಹೊತ್ತು ಅಲ್ಲಿ ನಿಂತಿದ್ದೆವೋ ನೋಡಲಿಲ್ಲ.

ಜನವರಿ 24, ಬುಧವಾರ. ಚೋರನೂರು

ಇವತ್ತಿನದನ್ನು ಬಿಡದೆ ಬರೆಯಬೇಕು.

ಚೋರನೂರು ಇನ್ನೂ ದೂರವಿತ್ತು. ಏರಿನ ಮೇಲೆ ಲಾರಿಗಳು ಸಾಲಾಗಿ ನಿಂತಿದ್ದವು. ಎಂಜಿನ್ ಆರಿಸಿ. ಹಾರ್ನ್ ಇಲ್ಲ. ಒಬ್ಬ ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ್ದ. ಅಪಘಾತವೇನೋ ಎಂದುಕೊಂಡೆ. ಮುಂದೆ ಹೋಗಿ ನೋಡಿದರೆ ಕುರಿ. ಮುನ್ನೂರು ಕುರಿ ರಸ್ತೆ ತುಂಬ, ಮದುವೆ ದಿಬ್ಬಣದ ಹಾಗೆ. ಮುಂದೊಬ್ಬ, ಹಿಂದೊಬ್ಬ ಕುರಿಗಾಹಿ.

ಮೂರು ದಿನದ ಸಿಟ್ಟು ಆ ಡ್ರೈವರ್ ಮೇಲೆ ಇಳಿಯಿತು.

“ಏನಪ್ಪ, ಕುರಿಗೆ ಎಂಜಿನ್ ಆರಿಸ್ತೀರಿ. ಶಾಲೆ ಹುಡುಗಿಗೆ ಬ್ರೇಕ್ ಸಹ ತುಳಿಯಂಗಿಲ್ಲ ಏನು?”

ಅವನು ಜಗಳಕ್ಕೆ ಬರಲಿಲ್ಲ. ಬೀಡಿ ಕೆಳಗೆ ಹಾಕಿ ತುಳಿದ.

“ಅಮ್ಮಾರ, ನನಗೂ ಎರಡು ಹೆಣ್ಣುಮಕ್ಕಳದಾವ. ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಒಂದು ಕುರಿ ಸತ್ರ ಹಟ್ಟಿಗೆ ಹಟ್ಟೀನ ರೋಡಿಗೆ ಬರ್ತದ. ಸಂಜಿ ತನಕ ಲಾರಿ ಬಿಡಂಗಿಲ್ಲ. ಅದಕ್ಕ ದೂರದಿಂದ ಹಿಂಡು ಕಂಡ ಕೂಡ್ಲೆ ಕಾಲು ತಾನ ಬ್ರೇಕಿಗೆ ಹೊಕ್ಕೈತಿ. ಸೆಪ್ಟೆಂಬರಿನಾಗ ಹಿರೇಕೊಳ್ಳದ ಹುಡುಗಿ ಬಿತ್ತಲ್ಲ, ನಾನೂ ಆ ಸಾಲಿನಾಗ ಹಿಂದಿದ್ದೆ. ಯಾರ್ ಬಂದಿದ್ರು ರೋಡಿಗೆ? ಅವರವ್ವ ಒಬ್ಬಾಕಿ. ಹತ್ತು ನಿಮಿಷಕ್ಕ ಲಾರಿ ಹೊಂಟವು.”

ಅವನಿಗೆ ಗೊತ್ತಿರಲಿಲ್ಲ, ಆ ಒಬ್ಬಾಕೆ ನನ್ನ ಪಕ್ಕದಲ್ಲೇ ಹ್ಯಾಂಡಲ್ ಹಿಡಿದು ನಿಂತಿದ್ದಾಳೆಂದು. ಯಲ್ಲಕ್ಕ ತಲೆ ಅಲ್ಲಾಡಿಸಿದಳು.

“ಖರೇ ಐತಿ. ನಾನೊಬ್ಬಾಕೀನ ಇದ್ದೆ.”

ಆ ದಿನ ನಾನೆಲ್ಲಿದ್ದೆ? ಬಳ್ಳಾರಿಯಲ್ಲಿ. ಧೂಳಿನ ಬಗ್ಗೆ ಮನವಿ ಪತ್ರ ಬರೆಯುತ್ತಿದ್ದೆ. ಆರು ಪುಟ.

ಹಿಂಡಿನವನ ಹೆಸರು ಕೆಂಚಣ್ಣ. ಹೆಗಲ ಮೇಲೆ ಕಂಬಳಿ. ಯಲ್ಲಕ್ಕ ಅವನ ಜೊತೆ ಸೈಕಲ್ ತಳ್ಳಿಕೊಂಡು ನಡೆದಳು. ನಾವು ಹಿಂದೆ. ಚೋರನೂರು ಬರುವವರೆಗೂ ಅವನು ಹೇಳಿದ, ನಾವು ಕೇಳಿದೆವು.

“ಅಂಚು ಹಿಡಿಯಬ್ಯಾಡ್ರಿ. ಅಂಚು ಹಿಡದ್ರ ಜಾಗ ಐತಂತ ಅವ ತೂರಿಸ್ತಾನ. ಮುಂದಿನಾವ ನಟ್ಟನಡುವ ಹೋಗ್ಬೇಕು. ನಡುವ ಹೋದ್ರ ನಿಲ್ತಾನ.”

“ಹಾರ್ನ್ ಹೊಡದ್ರ?”

“ಹೊಡೀಲಿ. ಹಾರ್ನಿಗೆ ಯಾರೂ ಸತ್ತಿಲ್ಲ. ಓಡಬಾರದು ನೋಡ್ರಿ, ಅದ ಮುಖ್ಯ. ಓಡಿದ್ರ ಹಿಂಡು ಒಡೀತದ. ಒಡದ ಮ್ಯಾಲೆ ಅದು ಹಿಂಡಲ್ಲ, ಮುನ್ನೂರು ಒಂದೊಂದೇ ಕುರಿ. ಮೆಲ್ಲಗ ಹೋಗ್ಬೇಕು. ಊರು ನೋಡ್ಕೋತ ಹೋದಂಗ.”

“ಹಿಂದಿನಾವ?”

“ಹಿಂದಿನಾವ ಹಿಂದ ನೋಡಬಾರದು. ಬೆನ್ನು ತೋರಿಸ್ಕೋತ ಹೋಗ್ಬೇಕು. ಮಾರಿ ತೋರಿಸಿದ್ರ ಜಗಳ ಆಕ್ಕೈತಿ.”

ಯಲ್ಲಕ್ಕ ನನ್ನ ಕಡೆ ತಿರುಗಿ ನೋಡಿದಳು. 

ಜನವರಿ 25, ಗುರುವಾರ. ಸಂಡೂರು

ವಾಪಸ್ ದಾರಿಯಲ್ಲಿ ಕೆಂಚಣ್ಣ ಹೇಳಿದಂತೆ ಮಾಡಿ ನೋಡಿದೆವು. ಯಲ್ಲಕ್ಕ ಮುಂದೆ, ರಸ್ತೆಯ ನಡುವೆ. ಹಿಂದೆ ಇಬ್ಬಿಬ್ಬರು, ಚಕ್ರಕ್ಕೆ ಚಕ್ರ ಒಂದು ಮಾರು ಅಂತರ. ಎಲ್ಲರ ಹಿಂದೆ ಒಬ್ಬರು ಬೇಕಿತ್ತು, ನಾನು ಹೋದೆ.

ಮೂಕಪ್ಪ ಪಕ್ಕಕ್ಕೆ ಬಂದು ತುಳಿಯುತ್ತ ತಗಾದೆ ತೆಗೆದ. “ಏ ಯಲ್ಲಕ್ಕ, ಇದು ರಸ್ತಾ ತಡೆ ಆಗ್ತದ. ನಾ ಬರೀಬೇಕಾಗ್ತದ.”

“ನಿಂತ್ರ ತಡಿ, ಸಾಹೇಬ್ರ. ನಾವು ಹೊಂಟೀವಿ. ಹೊಂಟಿದ್ದಕ್ಕ ಸಂಚಾರ ಅಂತಾರ.”

“ಭಾಳ ಮೆಲ್ಲಗ ಹೊಂಟೀರಿ.”

“ಮೆಲ್ಲಗ ಹೋಗಬಾರದಂತ ಬೋರ್ಡು ಎಲ್ಲೈತಿ ತೋರಿಸ್ರಿ. ಜಲ್ದಿ ಹೋಗಬ್ಯಾಡಂತ ಊರಿಗೊಂದು ಐತಿ.”

ಮೂಕಪ್ಪ ಯೋಚಿಸಿದ. ಆಮೇಲೆ ಸಾಲಿಗೆ ಸೇರಿಕೊಂಡ. ಅಂಚಿನಲ್ಲಿ ಒಬ್ಬನೇ ತುಳಿಯಲು ಅವನಿಗೂ ಭಯ.

ಮೊದಲು ಹಾರ್ನ್ ಹೊಡೆದರು. ಬೈದರು, ಕನ್ನಡದಲ್ಲಿ, ತೆಲುಗಿನಲ್ಲಿ. ಯಾರೂ ಹಿಂದೆ ನೋಡಲಿಲ್ಲ. ಯಾರೂ ಓಡಲಿಲ್ಲ. ಏರು ಹತ್ತಿ ಇಳಿಯುವ ಹೊತ್ತಿಗೆ ಹಾರ್ನ್ ನಿಂತಿತು. ಸಂಡೂರಿನಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಾಗ ಹನುಮಣ್ಣ ಲೆಕ್ಕ ಹಾಕಿದ. ನಲವತ್ತೊಂದು ಲಾರಿ ನಮ್ಮ ಹಿಂದೆ ನಮ್ಮ ವೇಗದಲ್ಲಿ ಬಂದಿದ್ದವು. ಜೀವಮಾನದಲ್ಲಿ ನಾನು ನಲವತ್ತೊಂದು ಲಾರಿ ನಿಲ್ಲಿಸಿಲ್ಲ. ಮೈಮೇಲೆಲ್ಲ ಕೆಂಪು ಧೂಳು, ಬಾಯಲ್ಲಿ ಕಬ್ಬಿಣದ ರುಚಿ. ಹತ್ತು ಜನರೂ ಕಾಲುದಾರಿಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂದೆವು. ಮಸ್ತ್ ಇತ್ತು.

ಜನವರಿ 26, ಶುಕ್ರವಾರ. ಹಿರೇಕೊಳ್ಳ

ಧ್ವಜ ಏರಿಸಿದ ಕಟ್ಟೆಯ ಮೇಲೆಯೇ ಸಭೆ. ನಾನು ಮಾತಾಡಲಿಲ್ಲ. ತೊಲೆಯಿಂದ ಇಳಿಸಿದ ಹತ್ತು ಸೈಕಲ್ಲುಗಳ ಟ್ಯೂಬು ಒಣಗಿದ್ದವು, ಹನುಮಣ್ಣನ ಜೊತೆ ಪಂಪು ಹೊಡೆಯುವ ಕೆಲಸವಿತ್ತು.

ಯಲ್ಲಕ್ಕ ಹೇಳಿದ್ದು ಸಣ್ಣದು. ಹುಡುಗಿಯರು ಬಿಡಿಬಿಡಿಯಾಗಿ ಹೋಗುವುದಿಲ್ಲ, ಹಿಂಡಾಗಿ ಹೋಗುತ್ತಾರೆ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು. ಒಂದು ಮಗು ಬಿದ್ದರೆ ಇಡೀ ಊರು ರಸ್ತೆಗೆ.

ಉಜ್ಜಿನಪ್ಪ ಎದ್ದ. ಅವನ ಮಗಳು ಆ ಹನ್ನೊಂದರಲ್ಲಿ ಒಬ್ಬಳು. “ದಿನಾ ಯಾರ್ ಹೋಗ್ತಾರ? ಕೂಲಿ ಬಿಡಾಕ ಆಕ್ಕೈತೇನು?”

“ಹೊಲಕ್ಕ ನೀರು ಹಾಯಿಸಾಕ ಸರದಿ ಹಾಕಂಗಿಲ್ಲೇನಪ್ಪ? ಹನ್ನೊಂದು ಮನಿ. ದಿನಕ್ಕ ಇಬ್ರು. ವಾರಕ್ಕ ಒಂದಿನ ಬರ್ತೈತಿ ನಿನ್ನ ಪಾಳಿ.”

“ನನಗ ಸೈಕಲ್ ಬರಂಗಿಲ್ಲಲ್ಲ.”

ಗುಂಪಿನಿಂದ ಹುಲಿಗೆಮ್ಮ ಬಾಯಿ ಹಾಕಿದಳು. “ನಾ ಕಲಿಸ್ತೀನಿ ಕಾಕಾ. ಎರಡು ದಿನ ಸಾಕು. ಬಿದ್ರ ನಿನಗ ಪಟ್ಟಿ ನಾನ ಕಟ್ತೀನಿ.”

ಉಜ್ಜಿನಪ್ಪನೂ ನಕ್ಕುಬಿಟ್ಟ. ಸಂಜೆ ಹೊತ್ತಿಗೆ ಸರದಿ ಬರೆದಾಯಿತು. ಕಂಪಾಸ್ ಬಾಕ್ಸಿನ ಸ್ಕೇಲಿನಿಂದ ಗೆರೆ ಎಳೆದು ಬರೆದವಳು ಹುಲಿಗೆಮ್ಮ. ಮುರಿದ ಕೈ ಸ್ವಲ್ಪ ಸೊಟ್ಟ ಕೂಡಿದೆ, ಅಕ್ಷರ ನೆಟ್ಟಗಿದೆ.

ಜನವರಿ 29, ಸೋಮವಾರ. ಹಿರೇಕೊಳ್ಳ

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮುಂದೆ ಹನುಮಣ್ಣನ ಸೈಕಲ್ ಮೇಲೆ ಯಲ್ಲಕ್ಕ. ನಡುವೆ ಹನ್ನೊಂದು ಹುಡುಗಿಯರು, ಎಣ್ಣೆ ಹಚ್ಚಿ ಬಿಗಿದ ಎರಡೆರಡು ಜಡೆ, ಕೆಂಪು ರಿಬ್ಬನ್ನು. ಹಿಂದೆ ನಾನು. ಊರಿನವರು ರಸ್ತೆ ಪಕ್ಕದಲ್ಲಿ ನಿಂತಿದ್ದರು. ಅಷ್ಟು ಜನ ಆ ರಸ್ತೆಯ ಮೇಲೆ ನಿಂತಿದ್ದನ್ನು ಯಾವ ಡ್ರೈವರೂ ನೋಡಿರಲಿಕ್ಕಿಲ್ಲ.

ಮೊದಲ ಟಿಪ್ಪರ್ ನನ್ನ ಬೆನ್ನ ಹಿಂದೆ ಬಂದು ನಿಂತಿತು. ಎಂಜಿನ್ನಿನ ಬಿಸಿ ಕುಪ್ಪಸದೊಳಗೆ ಇಳಿಯುತ್ತಿತ್ತು. ಹಾರ್ನ್ ಕಿವಿ ಹರಿಯಿತು. ನಡುವಿನ ಒಬ್ಬ ಹುಡುಗಿಯ ಹ್ಯಾಂಡಲ್ ನಡುಗಿತು, ಅಂಚಿಗೆ ಹೊರಳಿತು. “ನಡುವ ಬಾ ಲೇ, ನೆಟ್ಟಗ ನೋಡು” ಎಂದು ಹುಲಿಗೆಮ್ಮ ಪಕ್ಕದಿಂದ ಗದರಿಸಿದಳು. ಅವಳು ಹೊರಳಿ ಬಂದಳು. ಹಿಂಡು ಒಡೆಯಲಿಲ್ಲ. ಅದೇ ಜಾಗ, ಸೆಪ್ಟೆಂಬರಿನಲ್ಲಿ ಹಗ್ಗ ಎಳೆದ ಜಾಗ, ಅದನ್ನೂ ದಾಟಿದೆವು. ಹುಲಿಗೆಮ್ಮ ಬೆಲ್ಲು ಹೊಡೆದಳು, ಅಷ್ಟೇ.

ಹಿಂದೆ ಎಷ್ಟು ಲಾರಿ ಇದ್ದವೋ ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ.

ಒಂಬತ್ತೂ ಹತ್ತಕ್ಕೆ ಶಾಲೆ. ಪ್ರಾರ್ಥನೆ ಮುಗಿಸಿ ಒಳಗೆ ಹೋದರು. ನಾವಿಬ್ಬರೂ ಕಿಟಕಿ ಪಕ್ಕ ನಿಂತೆವು. ಹೆಡ್‌ಮಾಸ್ತರು ತಾವೇ ಹಾಜರಿ ಕರೆದರು.

“ಹುಲಿಗೆಮ್ಮ.”

“ಹಾಜರ್ ಸರ್.”

ಹನ್ನೊಂದು ಸಲ ಕೇಳಿಸಿತು. ಮೈದಾನಗಳಲ್ಲಿ ಹತ್ತು ಸಾವಿರ ಜನ ಒಟ್ಟಿಗೆ ಕೂಗಿದ್ದನ್ನು ಕೇಳಿದ್ದೇನೆ. ಆಗಲೂ ನನ್ನ ತಲೆ ಇಷ್ಟು ಎತ್ತರಕ್ಕೆ ಎದ್ದಿರಲಿಲ್ಲ. ಯಲ್ಲಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸುತ್ತಿಗೆ ಹಿಡಿದು ಒರಟಾದ ಕೈ. ಕೊನೆಯ ಹೆಸರು ಆಗುವವರೆಗೂ ಸರಳು ಬಿಡಲಿಲ್ಲ.

“ನಡಿ, ಬಸಕ್ಕ. ಸಂಜಿಗೆ ಮತ್ತ ಬರ್ಬೇಕು” ಎಂದಳು.

ಮಧ್ಯಾಹ್ನ ಮೂಕಪ್ಪ ಬಂದ. ಸೈಕಲ್ ಮೇಲೆ. ನಮ್ಮ ಹಿಂಡಿನಿಂದ ಗಣಿವರೆಗೂ ಲಾರಿ ನಿಂತು ತಾಲೂಕು ಕಚೇರಿಯಲ್ಲಿ ಫೋನೇ ಫೋನಂತೆ. ಶಾಲೆಯ ಹೊತ್ತಿಗೆ ಲಾರಿ ನಿಲ್ಲಿಸುವ ವಿಷಯ ಮಾತಾಡಲು ಕರೆದಿದ್ದಾರೆ. ಬರಹದಲ್ಲೇ. ಕಾಗದ ಓದಿದೆ. ನಾಳೆ ಮೊಹರಂ ರಜೆ, ಬುಧವಾರ ಬೆಳಿಗ್ಗೆ ಎಂಟೂವರೆಗೆ ಬರತಕ್ಕದ್ದು ಎಂದಿತ್ತು. ಇಂಥ ಒಂದು ಕಾಗದಕ್ಕಾಗಿ ಐದು ತಿಂಗಳು ಅವರ ಬಾಗಿಲು ಕಾದಿದ್ದೆ. ಆಯಿತು, ಬರುತ್ತೇವೆ ಎನ್ನಲು ಬಾಯಿ ತೆರೆದೆ.

ಯಲ್ಲಕ್ಕ ಕಾಗದ ಈಸಿಕೊಂಡು ಅಕ್ಷರ ಕೂಡಿಸಿ ಓದಿದಳು. ಮಡಚಿ ಮೂಕಪ್ಪನ ಕೈಗೇ ಕೊಟ್ಟಳು.

“ಎಂಟೂವರಿಗೆ ನಮಗ ಪುರಸೊತ್ತಿಲ್ಲ, ಸಾಹೇಬ್ರ. ಆ ಹೊತ್ತಿನಾಗ ನಾವು ರೋಡಿನಾಗ ಇರ್ತೀವಿ. ಮಕ್ಕಳನ್ನ ಶಾಲಿಗೆ ಬಿಟ್ಟು, ಮಾರಿ ತೊಳಕೊಂಡು, ಒಂದು ಚಹಾ ಕುಡದು ಬರ್ತೀವಿ. ಕುರ್ಚಿ ಹಾಕಿಸಿರಾಕ ಹೇಳ್ರಿ. ಹನ್ನೊಂದು ಮನಿಯವರೂ ಬರ್ತೀವಿ.”

“ಹಂಗ ಹೇಳ್ಲಾ?”

“ಹೇಳೋದು ಬ್ಯಾಡ. ನಮ್ಮಕ್ಕ ಬರದು ಕೊಡ್ತಾಳ.”

ಬರೆದೆ. ಆರು ಪುಟ ಅಲ್ಲ, ಒಂದೇ ಸಾಲು. ಕೆಳಗೆ ಹನ್ನೊಂದು ಸಹಿ.

ಸಭೆ: ಬುಧವಾರ, ಜನವರಿ 31, ಬೆಳಿಗ್ಗೆ ಹನ್ನೊಂದು ಗಂಟೆ.